ವಿಠಲ ವಿಹಾರದ ಮನೋವಿಜ್ಞಾನಿ

1935ರ ಸೆಪ್ಟೆಂಬರ್ 10ರಂದು ಮೈಸೂರಿನ ‘ವಿಠಲ ವಿಹಾರ’ ಎಂಬ ಮನೆಯೊಂದು ಮಾತಾಡತೊಡಗಿತು. 30 ವ್ಯಾಟ್‌ನ ಪುಟ್ಟ ಟ್ರಾನ್ಸ್‌ಮಿಟರ್, ಒಂದು ಮೈಕು, ಸಂಜೆಯ ಹೊತ್ತು ಹಾಡಲು, ಮಾತಾಡಲು ಬರುತ್ತಿದ್ದ ಗೆಳೆಯರು. ಮನೆಯ ಯಜಮಾನರು ಎಂ.ವಿ. ಗೋಪಾಲಸ್ವಾಮಿ. ಬಾನುಲಿ ಕೇಂದ್ರದ ಹೆಸರು ‘ಆಕಾಶವಾಣಿ’. ಈ ಕಥೆ ಕನ್ನಡಿಗರಿಗೆ ಗೊತ್ತು. ಗೋಪಾಲಸ್ವಾಮಿಯವರು ಮಹಾರಾಜ ಕಾಲೇಜಿನಲ್ಲಿ ಮನೋವಿಜ್ಞಾನದ ಪ್ರಾಧ್ಯಾಪಕರಾಗಿದ್ದರು ಎಂಬುದನ್ನು ಮಾತ್ರ ಪ್ರತಿ ಲೇಖನವೂ ಅರ್ಧ ವಾಕ್ಯದಲ್ಲಿ ಮುಗಿಸಿ ಮುಂದೆ ಹೋಗುತ್ತದೆ. ನನಗೆ ಬೇಸರ ಆ ಅರ್ಧ ವಾಕ್ಯದ ಮೇಲೆಯೇ.

ಅದೇ 1935ರಲ್ಲಿ ಅಮೆರಿಕದಲ್ಲಿ ‘ದಿ ಸೈಕಾಲಜಿ ಆಫ್ ರೇಡಿಯೊ’ ಎಂಬ ಪುಸ್ತಕ ಹೊರಬಂತು. ಬರೆದವರಲ್ಲಿ ಒಬ್ಬರು ಹ್ಯಾಡ್ಲಿ ಕ್ಯಾಂಟ್ರಿಲ್, ಇನ್ನೊಬ್ಬರು ಹಾರ್ವರ್ಡ್‌ನ ಗಾರ್ಡನ್ ಆಲ್‌ಪೋರ್ಟ್. ವ್ಯಕ್ತಿತ್ವದ ಮನೋವಿಜ್ಞಾನಕ್ಕೆ ಅಡಿಪಾಯ ಹಾಕಿದವರೆಂದು ಜಗತ್ತು ನೆನೆಯುವುದು ಇದೇ ಆಲ್‌ಪೋರ್ಟರನ್ನು. ಮುಖ ಕಾಣದೆ, ಬರೀ ದನಿ ಕೇಳಿ ಮನುಷ್ಯನ ಸ್ವಭಾವವನ್ನು ಎಷ್ಟರಮಟ್ಟಿಗೆ ಹೇಳಬಹುದು? ಇಬ್ಬರೂ ಈ ಪ್ರಶ್ನೆ ಹಿಡಿದು ಕೇಳುಗರನ್ನು ಪರೀಕ್ಷಿಸಿದರು. ವಯಸ್ಸು, ವೃತ್ತಿ, ಮಾತುಗಾರ ಸಂಕೋಚದವನೋ ಬೆರೆಯುವವನೋ ಎಂದೆಲ್ಲ ಊಹಿಸಲು ಹೇಳಿದರು. ದನಿ ಒಂದಿಷ್ಟು ನಿಜವನ್ನು ಬಿಟ್ಟುಕೊಡುತ್ತದೆ ಎಂಬುದು ಸಾಬೀತಾಯಿತು. ಅದಕ್ಕಿಂತ ಮುಖ್ಯವಾದದ್ದು ಮತ್ತೊಂದು: ಊಹೆ ತಪ್ಪಾದಾಗಲೂ ಕೇಳುಗರು ಬಹುಪಾಲು ಒಂದೇ ತಪ್ಪನ್ನು ಮಾಡುತ್ತಿದ್ದರು. ಇಂಥ ದನಿಯವನು ಇಂಥವನೇ ಎಂಬ ಸಿದ್ಧ ಅಚ್ಚು ಎಲ್ಲರ ತಲೆಯಲ್ಲೂ ಇತ್ತು.

ಅಮೆರಿಕದ ಇಬ್ಬರು ಮನೋವಿಜ್ಞಾನಿಗಳು ರೇಡಿಯೊವನ್ನು ಪ್ರಯೋಗಾಲಯಕ್ಕೆ ತಂದರೆ, ಮೈಸೂರಿನ ಮನೋವಿಜ್ಞಾನಿ ತಮ್ಮ ಮನೆಯನ್ನೇ ರೇಡಿಯೊ ಮಾಡಿದರು. ಗೋಪಾಲಸ್ವಾಮಿಯವರದು ಶ್ರೀಮಂತರ ಹವ್ಯಾಸ ಎಂದು ನಾನು ಒಪ್ಪಲಾರೆ. ಮನುಷ್ಯರ ಮನಸ್ಸನ್ನು ಓದುವುದೇ ವೃತ್ತಿಯಾಗಿದ್ದವರಿಗೆ, ಒಂದೇ ಕ್ಷಣದಲ್ಲಿ ಸಾವಿರ ಮನೆಗಳ ಕಿವಿ ಮುಟ್ಟುವ ಯಂತ್ರ ಕಂಡಾಗ ಕೈಕಟ್ಟಿ ಕೂರಲು ಆಗಲಿಲ್ಲ.

ಅವರ ಓದಿನ ದಾರಿಯೂ ಸಣ್ಣದಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಅವರಿಗೆ ಗುರುವಾಗಿದ್ದವರು ಚಾರ್ಲ್ಸ್ ಸ್ಪಿಯರ್‌ಮನ್. ಬುದ್ಧಿಯ ಹಲವು ಕೆಲಸಗಳ ಹಿಂದೆ ಒಂದು ಸಾಮಾನ್ಯ ಶಕ್ತಿ ಇದೆ ಎಂದು 1904ರಲ್ಲೇ ಲೆಕ್ಕ ಹಾಕಿ ತೋರಿಸಿದವರು. ಅದೇ ಸ್ಪಿಯರ್‌ಮನ್ನರ ಬಳಿ ಕಲಿತ ರೇಮಂಡ್ ಕ್ಯಾಟೆಲ್ ಮುಂದೆ ಗುರುವಿನ ಗಣಿತವನ್ನು ಸ್ವಭಾವಕ್ಕೆ ಅನ್ವಯಿಸಿದರು. ಆಲ್‌ಪೋರ್ಟ್ ಮತ್ತು ಆಡ್‌ಬರ್ಟ್ 1936ರಲ್ಲಿ ನಿಘಂಟಿನಿಂದ ಆರಿಸಿದ್ದ 17,953 ಪದಗಳ ರಾಶಿಯನ್ನು ಜರಡಿ ಹಿಡಿದು, ವ್ಯಕ್ತಿತ್ವದ ಹದಿನಾರು ಅಂಶಗಳನ್ನು ಹೊರತೆಗೆದರು. ಅಂಥ ಸ್ಪಿಯರ್‌ಮನ್ನರ ಶಿಷ್ಯ ಗೋಪಾಲಸ್ವಾಮಿಯವರು 1924ರಲ್ಲಿ ಮೈಸೂರಿಗೆ ಬಂದು ಮನೋವಿಜ್ಞಾನ ವಿಭಾಗ ಕಟ್ಟಿದರು. ಆಗ ವಿಶ್ವವಿದ್ಯಾನಿಲಯದ ಕುಲಪತಿ ಬ್ರಜೇಂದ್ರನಾಥ ಸೀಲ್. ಕಲ್ಕತ್ತೆಯಲ್ಲಿ ಪ್ರಾಯೋಗಿಕ ಮನೋವಿಜ್ಞಾನದ ಪಠ್ಯಕ್ರಮ ರೂಪಿಸಿದವರೇ ಅವರು. ಕಲ್ಕತ್ತೆಯ ವಿಭಾಗ ಹುಟ್ಟಿದ್ದು 1916ರಲ್ಲಿ. ಎಂಟೇ ವರ್ಷಕ್ಕೆ ಮೈಸೂರು ಜೊತೆಗೂಡಿತು. ಮುಂದೆ ಇದೇ ವಿಭಾಗದಲ್ಲಿ ಪ್ರಾಧ್ಯಾಪಕರಾಗಿದ್ದ ಬಿ. ಕುಪ್ಪುಸ್ವಾಮಿಯವರ ಆರ್ಥಿಕ-ಸಾಮಾಜಿಕ ಮಾಪನವನ್ನು ದೇಶದ ವೈದ್ಯಕೀಯ ಸಂಶೋಧಕರು ಈಗಲೂ ಬಳಸುತ್ತಾರೆ.

ರೇಡಿಯೊ ಉಳಿದದ್ದು ಹಟದಿಂದ. ಸಾಹಿತಿ ನಾ. ಕಸ್ತೂರಿಯವರು ಜೊತೆಯಾದರು, ಟ್ರಾನ್ಸ್‌ಮಿಟರ್ 250 ವ್ಯಾಟಿಗೆ ಬೆಳೆಯಿತು. ಕೆಲವು ವರ್ಷ ಮನೆಯಲ್ಲೇ ನಡೆದು, ಆಮೇಲೆ ನಗರಸಭೆಗೆ, ಅಲ್ಲಿಂದ ಸಂಸ್ಥಾನಕ್ಕೆ ದಾಟಿತು. 1955ರಲ್ಲಿ ಬೆಂಗಳೂರು ಕೇಂದ್ರ ಬಂದಾಗ ಮೈಸೂರಿನ ದನಿ ಅಲ್ಲಿಗೆ ಹೋಯಿತು. ಮೈಸೂರಿಗೆ ಕೇಂದ್ರ ಮರಳಿದ್ದು ಎಷ್ಟೋ ಕಾಲದ ಮೇಲೆ. ವಿಠಲ ವಿಹಾರದಿಂದ ಈಗಿನ ಕಟ್ಟಡ ಕೂಗಳತೆ ದೂರ.

ಪರ್ತ್ ನಗರದ ಮೋರ್ಲಿಯಲ್ಲಿ ಕೂತು ಇದನ್ನು ಬರೆಯುವಾಗ ಇಲ್ಲಿಯ ಎಥೆಲ್ ಸ್ಟೋನ್‌ಮನ್ ನೆನಪಾಗುತ್ತಾರೆ. 1926ರಲ್ಲಿ ಪರ್ತ್‌ನಲ್ಲಿ ಸರ್ಕಾರಿ ಮನೋವೈಜ್ಞಾನಿಕ ಚಿಕಿತ್ಸಾಲಯ ನಡೆಸಿದಾಕೆ. 1930ರಲ್ಲಿ ಆರ್ಥಿಕ ಮುಗ್ಗಟ್ಟಿನ ನಡುವೆ ಸರ್ಕಾರ ಅದನ್ನು ಮುಚ್ಚಿತು. ಆದರೆ ಆಸ್ಟ್ರೇಲಿಯನ್ನರು ತಮ್ಮ ರಾಷ್ಟ್ರೀಯ ಜೀವನಚರಿತ್ರೆ ಕೋಶದಲ್ಲಿ ಆಕೆಯ ಬಾಳನ್ನು ಬರೆದಿಟ್ಟಿದ್ದಾರೆ. ಹುಡುಕಿದರೆ ಸಿಗುತ್ತದೆ. ಇಲ್ಲಿ ಹುಟ್ಟಿದ ನಮ್ಮ ಮಕ್ಕಳು ಕಾಲೇಜಿನಲ್ಲಿ ಸ್ಪಿಯರ್‌ಮನ್, ಆಲ್‌ಪೋರ್ಟ್, ಕ್ಯಾಟೆಲ್ ಹೆಸರು ಬಾಯಿಪಾಠ ಮಾಡುತ್ತಾರೆ. ಅದೇ ಪರಂಪರೆಯಲ್ಲಿ ಒಬ್ಬ ಮೈಸೂರಿನವರಿದ್ದರು ಎಂದು ಹೇಳಿ ಆ ಮಕ್ಕಳ ಕೈಗಿಡಲು ಕನ್ನಡದಲ್ಲೊಂದು ಸರಿಯಾದ ಪುಸ್ತಕ ಬೇಕು.

ಗೋಪಾಲಸ್ವಾಮಿಯವರ ಪಾಠ ಕೇಳಿದ ಅಜ್ಜ-ಅಜ್ಜಿಯರ ಟಿಪ್ಪಣಿ ಪುಸ್ತಕ, ವಿಠಲ ವಿಹಾರದ ಕಾರ್ಯಕ್ರಮದ ಒಂದು ಹಾಳೆ, ಒಂದು ಫೋಟೊ ನಿಮ್ಮ ಮನೆಯ ಅಟ್ಟದಲ್ಲಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಮೈಸೂರು ವಿಶ್ವವಿದ್ಯಾನಿಲಯದ ಮನೋವಿಜ್ಞಾನ ವಿಭಾಗಕ್ಕೆ ತಲುಪಿಸಿ.