ಬೊಂತೆ ಹೊಲಿಯೋ ಕಾಲ ಬಂತು



ದಸರಾ ಮುಗಿದು ಚಿತ್ತೆ ಮಳೆ, ಸ್ವಾತಿ ಮಳೆ ಬಂದು ಹೋಗುವ ಈ ದಿನಗಳಿಗೆ ಪುಸ್ತಕದಲ್ಲಿ ಶರದೃತು ಅಂತ ಹೆಸರು. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿನ ಬ್ಯಾರನ್‌ಗಳು ಒಂದೊಂದಾಗಿ ಆರುತ್ತಾ ಬರುತ್ತವೆ, ಮನೆಯ ಗಂಡಸರು ಹರಾಜು ಕಟ್ಟೆಯ ದರದ ಮಾತಿನಲ್ಲಿರುತ್ತಾರೆ. ಹೆಚ್.ಡಿ. ಕೋಟೆ ಕಡೆ ಹತ್ತಿ ಬಿಡಿಸುವ ಕೆಲಸ ಕಡಿಮೆಯಾಗುತ್ತಾ ಬರುತ್ತದೆ. ಕೆ.ಆರ್. ನಗರದ ಗದ್ದೆಯಲ್ಲಿ ಭತ್ತದ ಕೊಯ್ಲಿಗೆ, ಹೊಲದಲ್ಲಿ ರಾಗಿ ಕೊಯ್ಲಿಗೆ ಇನ್ನೂ ಕೆಲವು ವಾರ ಇರುತ್ತದೆ. ಬೆಳಗಿನ ಜಾವ ಕಾಲು ತಣ್ಣಗಾಗಿ ಎಚ್ಚರವಾಗುತ್ತದೆ. ಆಗ ಅಟ್ಟದ ಮೇಲಿನ ಬೊಂತೆಯ ನೆನಪಾಗುತ್ತದೆ. ಕೆಳಗಿಳಿಸಿ ನೋಡಿದರೆ ಇಲಿ ಕಡಿದಿರುತ್ತದೆ!

ನಾವು ಬೊಂತೆ ಅನ್ನುವುದನ್ನೇ ಧಾರವಾಡ, ಗದಗ, ವಿಜಯಪುರದ ಕಡೆ ಕೌದಿ ಎನ್ನುತ್ತಾರೆ. ಹಳೆ ಸೀರೆ, ಪಂಚೆ, ಮಕ್ಕಳ ಅಂಗಿ ಎಲ್ಲವನ್ನೂ ಒಂದರ ಮೇಲೊಂದು ಹಾಸಿ, ಕೈಯಿಂದ ಸಾಲುಸಾಲಾಗಿ ಹೊಲಿದ ಹೊದಿಕೆ ಅದು. ಅಂಗಡಿಯ ರಗ್ಗು ಬಂದ ಮೇಲೆ ನಮ್ಮ ಕಡೆ ಇದು ಕಡಿಮೆಯಾಯಿತು. ಈ ಬಿಡುವಿನ ವಾರಗಳಲ್ಲಿ ಸಂಘದವರೆಲ್ಲಾ ಸೇರಿ ಒಂದಾದರೂ ಬೊಂತೆ ಹೊಲಿಯಬಹುದಲ್ಲವೇ ಎಂಬುದು ಈ ಲೇಖನದ ವಿಷಯ. ಮಾರುವುದಕ್ಕಾಗಿ ಅಲ್ಲ. ಮಾರುವ ಮಾತನ್ನು ಕೊನೆಗೆ ಆಡೋಣ, ಅದರಲ್ಲಿ ಲೆಕ್ಕ ಇದೆ.

ಸಿದ್ದಿ ಮಹಿಳೆಯರ ಕವಂದಿ

ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲ್ಲೂಕುಗಳ ಕಾಡಂಚಿನಲ್ಲಿ ಸಿದ್ದಿ ಜನರಿದ್ದಾರೆ. ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಬಂದವರ, ಹೆಚ್ಚಿನವರು ಗುಲಾಮರಾಗಿ ತರಲ್ಪಟ್ಟವರ ವಂಶದವರು ಇವರು. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಇವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರಿದ್ದಾರೆ. ಮೂವರ ಮನೆಯಲ್ಲೂ ಬೊಂತೆ ಇದೆ, ಅದಕ್ಕೆ ಅವರು ಕವಂದಿ ಎನ್ನುತ್ತಾರೆ.

ಅವರು ಹೊಲಿಯುವ ಕ್ರಮ ನೋಡಿ ಕಲಿಯುವಂಥದ್ದು. ಮೊದಲು ತಳಕ್ಕೆ ಒಂದು ಗಟ್ಟಿ ಸೀರೆ ಹಾಸುತ್ತಾರೆ. ಒಂದು ಮೂಲೆಯಿಂದ ಶುರು ಮಾಡಿ, ಅಂಚಿನ ಸುತ್ತ ಬಟ್ಟೆ ತುಂಡುಗಳನ್ನು ಇಟ್ಟು ಹೊಲಿಯುತ್ತಾ ಒಳಗೆ ಒಳಗೆ ಬರುತ್ತಾರೆ. ಹೊಲಿಗೆ ಸುತ್ತು ಸುತ್ತಾಗಿ ಬಂದು ನಡುವಿನಲ್ಲಿ ಮುಗಿಯುತ್ತದೆ. ಆ ನಡುವನ್ನು ಹೊಟ್ಟೆ ಎಂದು ಭಾವಿಸಿ, ಮುಚ್ಚುವ ಮೊದಲು ಕೆಲವರು ನಾಲ್ಕು ಅಕ್ಕಿಕಾಳು ಒಳಗಿಡುವುದುಂಟು, ಹೊಟ್ಟೆ ಖಾಲಿ ಇರಬಾರದು ಅಂತ. ಕೊನೆಗೆ ನಾಲ್ಕು ಮೂಲೆಗೂ ಮಡಿಸಿದ ತ್ರಿಕೋನದ ಬಟ್ಟೆ ಹೂವು ಹೊಲಿಯುತ್ತಾರೆ. ಹೂವಿಲ್ಲದಿದ್ದರೆ ಕವಂದಿ ಪೂರ್ತಿಯಾದ ಹಾಗೆ ಅಲ್ಲ. ಯಾವ ಬಣ್ಣದ ಪಕ್ಕ ಯಾವ ಬಣ್ಣ ಎಂದು ಯಾರೂ ಬರೆದುಕೊಟ್ಟಿಲ್ಲ. ಹೊಲಿಯುವವಳ ಕಣ್ಣಿಗೆ ಬಿಟ್ಟಿದ್ದು.

ಕೂಲಿನಾಲಿ ಮಾಡುವ ಈ ಹೆಣ್ಣುಮಕ್ಕಳ ಕವಂದಿಗಳು ಅಮೆರಿಕದಲ್ಲೂ ಪ್ರದರ್ಶನಗೊಂಡಿವೆ. ಅಲ್ಲಿನ ಪ್ರೊಫೆಸರ್ ಹೆನ್ರಿ ಡ್ರೂವಲ್ ಎಂಬುವರು ಇದರ ಬಗ್ಗೆ ಬರೆದಿದ್ದಾರೆ. ಆದರೆ ಕವಂದಿ ಹುಟ್ಟಿದ್ದು ಪ್ರದರ್ಶನಕ್ಕೆ ಅಲ್ಲ. ಮಗು ಮಲಗಬೇಕು, ಬಾಣಂತಿ ಬೆಚ್ಚಗಿರಬೇಕು, ಅಷ್ಟೇ.

ಸೂಜಿ ಹಿಡಿದು ಕೂತರೆ ಏನು ಲಾಭ?

"ಸಿಸ್ಟರ್, ನಮಗೆ ಪುರುಸೊತ್ತು ಎಲ್ಲಿದೆ?" ಅಂತ ನೀವು ಕೇಳೇ ಕೇಳ್ತೀರಿ. ಸರಿ. ಆದರೆ ನಮ್ಮ ಸಂಘದ ಸಭೆ ಈಗ ಹೇಗಿದೆ ಎಂದು ಸ್ವಲ್ಪ ಯೋಚಿಸಿ. ಪ್ರಾರ್ಥನೆ ಆಯಿತು, ಹಾಜರಿ ಆಯಿತು, ಉಳಿತಾಯ ಕಟ್ಟಿದ್ದಾಯಿತು, ಸಾಲದ ಕಂತು, ಸಹಿ, ಮನೆಗೆ. ಅರ್ಧ ಗಂಟೆಯೂ ಇಲ್ಲ. ಎಲ್ಲ ಮಾತೂ ದುಡ್ಡಿನದೇ. ಯಾರಿಗೆ ಈ ವಾರ ಕಂತು ಹೊಂದಿಸಲು ಆಗಲಿಲ್ಲವೋ ಆಕೆ ಸಭೆಗೆ ಬರಲು ನಾಚಿಕೊಳ್ಳುತ್ತಾಳೆ. ಎರಡು ವಾರ ಬರುವುದಿಲ್ಲ. ಮೂರನೇ ವಾರ ಆಕೆ ಬೇರೆ ಕಡೆ ಹೆಚ್ಚು ಬಡ್ಡಿಗೆ ಸಾಲ ತೆಗೆದಿದ್ದಾಳೆ ಎಂಬ ಸುದ್ದಿ ಬರುತ್ತದೆ. ಕಿರುಸಾಲ ವಸೂಲಿಯ ಕಿರುಕುಳ ಎಷ್ಟು ಜೋರಾಯಿತೆಂದರೆ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಅದನ್ನು ತಡೆಯಲು ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಆ ಸಂಕಟದಲ್ಲಿದ್ದ ಎಷ್ಟೋ ಮನೆಗಳಲ್ಲಿ ಅಕ್ಕಪಕ್ಕದವರಿಗೇ ವಿಷಯ ಗೊತ್ತಿರಲಿಲ್ಲ.

ಬೊಂತೆಯ ಸುತ್ತ ಕೂತಾಗ ಕಂತು ಕಟ್ಟಿದವಳು, ಕಟ್ಟದವಳು ಎಂಬುದಿಲ್ಲ. ನಾಲ್ಕು ಮೂಲೆಯಲ್ಲಿ ನಾಲ್ಕು ಜನ. ಕೈ ಕೆಲಸ ಮಾಡುತ್ತಿರುತ್ತದೆ, ಕಣ್ಣು ಬಟ್ಟೆಯ ಮೇಲಿರುತ್ತದೆ. ಎದುರು ಮುಖ ನೋಡಿ ಹೇಳಲಾಗದ ಮಾತನ್ನು ಬಟ್ಟೆ ನೋಡಿಕೊಂಡು ಹೇಳಬಹುದು. ಸಮಾಜಕಾರ್ಯ ಓದುವಾಗ ಗುಂಪಿನ ಜೊತೆ ಕೆಲಸ ಮಾಡುವ ಬಗೆಯನ್ನು ದೊಡ್ಡ ದೊಡ್ಡ ಪಾಠಗಳಲ್ಲಿ ಓದಿದ್ದೇವೆ. ನಮ್ಮ ಅಜ್ಜಿಯಂದಿರು ಜಗಲಿಯ ಮೇಲೆ ಅದನ್ನೇ ಮಾಡುತ್ತಿದ್ದರು.

ಮತ್ತೆ ಸಂತೋಷ ಅನ್ನೋದೂ ಒಂದಿದೆಯಲ್ಲ. ಇದು ನನ್ನ ಮದುವೆ ಸೀರೆ, ಇದು ಮಗಳ ಮೊದಲ ಲಂಗ, ಇದು ತೀರಿಕೊಂಡ ಅತ್ತೆಯದು ಅಂತ ಒಂದೊಂದು ತುಂಡಿಗೂ ಕತೆ ಬರುತ್ತದೆ. ನಗುತ್ತೇವೆ, ಒಮ್ಮೊಮ್ಮೆ ಕಣ್ಣೀರೂ ಬರುತ್ತದೆ. "ಮಾಡೋಕೆ ಬೇರೆ ಕೆಲಸ ಇಲ್ವಾ?" ಎಂದು ಮನೆಯಲ್ಲಿ ಕೇಳಿದರೆ, ಮಾಗಿ ಚಳಿಯಲ್ಲಿ ಏನು ಹೊದ್ದುಕೊಳ್ತೀರಿ ಅಂತ ತಿರುಗಿ ಕೇಳಿ.

ಹೊಲಿಯುವ ವಿಧಾನ

ಒಬ್ಬರು ಹೊದೆಯುವ ಬೊಂತೆ 7 ಅಡಿ ಉದ್ದ, 5 ಅಡಿ ಅಗಲ ಇದ್ದರೆ ಸಾಕು. ಇದಕ್ಕೆ ನಾಲ್ಕೈದು ಹಳೆ ಸೀರೆ ಬೇಕು. ತಳಕ್ಕೂ ಒಳಗೂ ಹತ್ತಿ ಸೀರೆಯೇ ಇರಲಿ. ನೈಲಾನ್, ಪಾಲಿಯೆಸ್ಟರ್ ಸೀರೆ ಬೆವರು ಹೀರುವುದಿಲ್ಲ, ಒಲೆಯ ಕಿಡಿ ಬಿದ್ದರೆ ಕರಗಿ ಮೈಗೆ ಅಂಟಿಕೊಳ್ಳುತ್ತದೆ. ಬಣ್ಣಕ್ಕೆ ಬೇಕೆಂದರೆ ಮೇಲೆ ಚಿಕ್ಕ ತುಂಡು ಹಾಕಿಕೊಳ್ಳಿ.

ಒಂದು ಮುಖ್ಯ ವಿಷಯ. ಹೊಗೆಸೊಪ್ಪಿಗೆ, ಹತ್ತಿಗೆ ಔಷಧಿ ಹೊಡೆಯುವಾಗ ಹಾಕಿಕೊಂಡ ಬಟ್ಟೆಯನ್ನು, ಸೊಪ್ಪು ಕೀಳುವಾಗ ಉಟ್ಟು ಅಂಟು ಹಿಡಿದ ಸೀರೆಯನ್ನು ಬೊಂತೆಗೆ ಹಾಕಲೇಬೇಡಿ. ಎಷ್ಟು ಒಗೆದರೂ ವಿಷದ ಅಂಶ ಪೂರ್ತಿ ಹೋಗುತ್ತದೆಂದು ಹೇಳಲಾಗದು. ರಾತ್ರಿಯಿಡೀ ಮೈಗೆ ತಾಗುವ ಬಟ್ಟೆ ಇದು, ಅದರಲ್ಲೂ ಮಕ್ಕಳ ಮೈಗೆ.

ಸೀರೆಗಳನ್ನು ಬಿಸಿನೀರಲ್ಲಿ ಒಗೆದು, ಮಳೆ ಬಿಡುವು ಕೊಟ್ಟ ದಿನ ಚೆನ್ನಾಗಿ ಬಿಸಿಲಲ್ಲಿ ಒಣಗಿಸಿ. ಹಸಿ ಇದ್ದ ಬಟ್ಟೆ ಒಳಗೆ ಸೇರಿದರೆ ಮುಗ್ಗಲು ವಾಸನೆ ಬರುತ್ತದೆ, ಆಮೇಲೆ ಏನು ಮಾಡಿದರೂ ಹೋಗುವುದಿಲ್ಲ. ಸವೆದು ಜಾಳಾದ ಭಾಗ ಒಳಪದರಕ್ಕೆ, ಗಟ್ಟಿ ಇರುವ ಸೆರಗು ಮತ್ತು ಅಂಚು ಮೇಲಕ್ಕೆ. ಸೀರೆಯ ಅಗಲ ಮೂರೂಮುಕ್ಕಾಲು ಅಡಿಯಷ್ಟೇ ಇರುವುದರಿಂದ ಪಕ್ಕಕ್ಕೆ ಒಂದು ಪಟ್ಟಿ ಕೂಡಿಸಿಕೊಳ್ಳಬೇಕು. ಸಾರಿಸಿ ಒಣಗಿದ ನೆಲದ ಮೇಲೆ ಅಥವಾ ಸಮುದಾಯ ಭವನದ ಚಾಪೆಯ ಮೇಲೆ ಪದರ ಪದರವಾಗಿ ಹಾಸಿ, ಸುಕ್ಕು ತೆಗೆದು, ದೊಡ್ಡ ದೊಡ್ಡ ಹೊಲಿಗೆಯಲ್ಲಿ ಮೊದಲು ಎಲ್ಲ ಪದರ ಹಿಡಿದುಕೊಳ್ಳುವಂತೆ ಕಟ್ಟಿ ಹಾಕಿ. ಈ ಕೆಲಸದಲ್ಲಿ ಅವಸರ ಮಾಡಿದರೆ ಮುಂದೆ ಬೊಂತೆ ಒಂದು ಕಡೆ ಗಂಟಾಗುತ್ತದೆ, ಇನ್ನೊಂದು ಕಡೆ ತೆಳ್ಳಗಾಗುತ್ತದೆ.

ಆಮೇಲೆ ಸಣ್ಣ ಓಟದ ಹೊಲಿಗೆ. ಸಾಲಿಗೂ ಸಾಲಿಗೂ ಒಂದು ಅಂಗುಲ ಅಂತರ ಇರಲಿ. ದಪ್ಪ ಹತ್ತಿ ದಾರ, ಉದ್ದದ ಸೂಜಿ, ಬೆರಳಿಗೆ ಬೆರಳುಕವಚ ಬೇಕು. ಮೊಳದುದ್ದಕ್ಕಿಂತ ಸ್ವಲ್ಪ ಹೆಚ್ಚು ದಾರ ಹಾಕಿಕೊಂಡರೆ ಸಾಕು, ಉದ್ದ ಹಾಕಿದರೆ ಸಿಕ್ಕಾಗುತ್ತದೆ. ನೇರ ಸಾಲು ಬೇಕಿದ್ದವರು ಅಗಲವಾಗಿ ಕೂತು ಹೊಲಿಯಿರಿ, ಸಿದ್ದಿಯರ ಹಾಗೆ ಸುತ್ತು ಬರಬೇಕೆಂದವರು ನಾಲ್ಕು ಅಂಚಿನಿಂದ ಒಳಗೆ ಬನ್ನಿ. ನಾಲ್ವರು ಕೂರುವುದಕ್ಕೆ ಎರಡನೆಯದೇ ಅನುಕೂಲ.

ಬೆಳಕಿದ್ದಾಗ ಕೂರಿ. ನಲವತ್ತು ದಾಟಿದವರಿಗೆ ಸೂಜಿ ಪೋಣಿಸಲು ಕಷ್ಟವಾಗುತ್ತಿದ್ದರೆ ಅದು ವಯಸ್ಸಿಗೆ ಸಹಜ, ಒಂದು ಓದುವ ಕನ್ನಡಕದಿಂದ ಸರಿಹೋಗುತ್ತದೆ. ಆದರೂ ಒಮ್ಮೆ ಆಸ್ಪತ್ರೆಯಲ್ಲಿ ಕಣ್ಣು ತೋರಿಸಿ.

ನೂಲು, ಉಲ್ಲನ್ ವಿಚಾರ

ಹಳೆಯ ಮೈಸೂರು ಗೆಜೆಟಿಯರ್‌ಗಳಲ್ಲಿ ಹುಣಸೂರಿನ ಹೆಸರು ಕಂಬಳಿಗೂ ಬರುತ್ತದೆ. 1864ರವರೆಗೆ ಇಲ್ಲಿ ಸೈನ್ಯಕ್ಕಾಗಿ ಚರ್ಮ ಹದ ಮಾಡುವ, ಕಂಬಳಿ ತಯಾರಿಸುವ ದೊಡ್ಡ ಕಾರ್ಖಾನೆ ಇತ್ತು. ಪಕ್ಕದ ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ ಹೆಣ್ಣುಮಕ್ಕಳು ಚರಕದಲ್ಲಿ ನೂಲು ತೆಗೆದು ಖಾದಿಗೆ ಹೆಸರು ತಂದರು. 2015ರಲ್ಲಿ ರಂಗಕರ್ಮಿ ಪ್ರಸನ್ನ ಅವರು ಕೈಕೆಲಸದ ಪರವಾಗಿ ಸತ್ಯಾಗ್ರಹ ನಡೆಸಿದ್ದು ಅಲ್ಲೇ. ಆದರೆ ಮನೆಯಲ್ಲಿ ನೂಲುವುದಕ್ಕೆ ಹತ್ತಿ ಬೀಜ ಬಿಡಿಸಬೇಕು, ಹಿಂಜಬೇಕು, ಹಂಜಿ ಮಾಡಬೇಕು. ಒಂದು ಕ್ವಿಂಟಾಲ್ ಹತ್ತಿಯಲ್ಲಿ ಅರಳೆ ಸಿಗುವುದು ಸುಮಾರು ಮೂರನೇ ಒಂದು ಭಾಗ, ಉಳಿದದ್ದು ಬೀಜ. ಸಂಘವಾಗಿ ಇದನ್ನು ಶುರು ಮಾಡಿ ಎಂದು ನಾನು ಹೇಳುವುದಿಲ್ಲ. ಕೋಟೆ ಕಡೆಯವರು ಮನೆಯ ಹತ್ತಿಯಲ್ಲಿ ಒಂದು ಬೊಗಸೆ ಉಳಿಸಿಕೊಂಡು ಕಾರ್ತಿಕಕ್ಕೆ ದೀಪದ ಬತ್ತಿ ಹೊಸೆಯುತ್ತಾರಲ್ಲ, ಅದು ಚೆನ್ನಾಗಿದೆ. ಕೈಬೆರಳು ಬಿಟ್ಟರೆ ಬೇರೆ ಸಲಕರಣೆ ಬೇಡ.

ಇನ್ನು ಸ್ವೆಟರ್. ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆ, ಹುಣಸೂರಿನ ಗುರುಪುರದ ಟಿಬೆಟನ್ ಕುಟುಂಬಗಳು ಚಳಿಗಾಲದಲ್ಲಿ ಊರೂರಿಗೆ ಹೋಗಿ ಸ್ವೆಟರ್ ಮಾರುವುದನ್ನು ನೋಡಿ, ನಾವೂ ಹೆಣೆದು ಮಾರೋಣ ಎಂದು ಕೆಲವರಿಗೆ ಆಸೆಯಾಗುತ್ತದೆ. ತಿಳಿದಿರಲಿ, ಅವರು ಮಾರುವ ಸ್ವೆಟರ್ ಹೆಚ್ಚಾಗಿ ಪಂಜಾಬಿನ ಲುಧಿಯಾನದ ಕಾರ್ಖಾನೆಗಳಲ್ಲಿ ಮಷೀನಿನಲ್ಲಿ ಹೆಣೆದದ್ದು. ಕೈಯಲ್ಲಿ ದೊಡ್ಡವರ ಸ್ವೆಟರ್ ಹೆಣೆಯಲು ವಾರಗಳೇ ಬೇಕು, ಮಷೀನಿನ ದರಕ್ಕೆ ನಾವು ಮಾರಲಾಗದು. ಕಲಿಯುವ ಆಸೆ ಇದ್ದವರು ಮಗುವಿನ ಕುಲಾವಿಯಿಂದ ಶುರು ಮಾಡಿ. 50 ಗ್ರಾಂ ಉಲ್ಲನ್ ಉಂಡೆಯಲ್ಲಿ ಒಂದು ಪುಟ್ಟ ಕುಲಾವಿ ಆಗುತ್ತದೆ, ಕೈ ಪಳಗಿದವರು ಮೂರು ನಾಲ್ಕು ಗಂಟೆಯಲ್ಲಿ ಮುಗಿಸುತ್ತಾರೆ. ಸಂಘದಲ್ಲಿ ಯಾರಾದರೂ ಬಸುರಿ ಇದ್ದೇ ಇರುತ್ತಾರೆ.

ಮಾರುವ ಮಾತು

ಈಗ ಲೆಕ್ಕ. 5 ಅಡಿ ಅಗಲದಲ್ಲಿ ಅಂಗುಲಕ್ಕೊಂದು ಸಾಲು ಎಂದರೆ 60 ಸಾಲು. ಒಂದೊಂದು ಸಾಲು 7 ಅಡಿ. ಒಟ್ಟು 420 ಅಡಿ ಹೊಲಿಗೆ. ಗಂಟೆಗೆ 10 ಅಡಿ ಹೊಲಿದರೂ 42 ಗಂಟೆ ಬೇಕು. ನಾಲ್ವರು ಕೂತರೆ ತಲಾ ಹತ್ತೂವರೆ ಗಂಟೆ, ಅಂದರೆ ದಿನಕ್ಕೆ ಎರಡು ಗಂಟೆಯಂತೆ ಐದಾರು ಮಧ್ಯಾಹ್ನ. ಒಗೆಯುವುದು, ಕತ್ತರಿಸುವುದು, ಹಾಸಿ ಕಟ್ಟುವುದಕ್ಕೆ ಇನ್ನೊಂದು 8 ಗಂಟೆ ಸೇರಿಸಿದರೆ ಒಂದು ಬೊಂತೆಗೆ 50 ಗಂಟೆ.

2025-26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 370 ರೂ. ನಿಗದಿಯಾಗಿತ್ತು. 8 ಗಂಟೆಗೆ ಒಂದು ದಿನದಂತೆ 50 ಗಂಟೆಗೆ 2,312 ರೂ. ಆಯಿತು. ದಾರ, ಸೂಜಿಗೆ 150 ರೂ. ಎಂದಿಟ್ಟುಕೊಳ್ಳಿ. ಅಸಲೇ ಎರಡೂವರೆ ಸಾವಿರದ ಹತ್ತಿರ. ಯಾರೋ ಬಂದು "ಹಳೆ ಬಟ್ಟೆ ತಾನೇ, 600 ರೂಪಾಯಿ ತಗೊಳ್ಳಿ" ಎಂದರೆ, ದಾರದ ದುಡ್ಡು ಕಳೆದು ಉಳಿಯುವುದು 450 ರೂ. ಗಂಟೆಗೆ 9 ರೂಪಾಯಿ! ಹೊಗೆಸೊಪ್ಪಿನ ಹೊಲದಲ್ಲಿ ಯಾರಾದರೂ ಆ ಕೂಲಿಗೆ ಹೋಗ್ತೀರಾ?

ಬಟ್ಟೆ ಹಳೆಯದಿರಬಹುದು. ಗಂಟೆಗಳು ಹಳೆಯವಲ್ಲ. ಹೆಂಗಸರು ಮನೆಯಲ್ಲಿ ಕೂತು ಮಾಡಿದ್ದಕ್ಕೆ ಬೆಲೆ ಕಟ್ಟಬೇಕಿಲ್ಲ ಎನ್ನುವ ಅಭ್ಯಾಸ ಕೊಳ್ಳುವವರಲ್ಲಿ ಮಾತ್ರ ಅಲ್ಲ, ನಮ್ಮಲ್ಲೂ ಇದೆ. ಸಂಡೂರಿನ ಲಂಬಾಣಿ ಮಹಿಳೆಯರ ಕಸೂತಿಗೆ 2010ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. 2023ರ ಜುಲೈನಲ್ಲಿ ಹಂಪಿಯ ಜಿ-20 ಸಭೆಯ ಹೊತ್ತಿಗೆ ಅವರ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ಅಲ್ಲಿಗೆ ತಲುಪಲು ದಶಕಗಳ ಕೆಲಸ, ತರಬೇತಿ, ವಿನ್ಯಾಸ, ಖಚಿತ ಮಾರುಕಟ್ಟೆ ಎಲ್ಲವೂ ಬೇಕಾಯಿತು. ಮೂರು ದಿನದ ತರಬೇತಿ ಕೊಟ್ಟು ಸರ್ಟಿಫಿಕೇಟ್ ಹಂಚಿ ಹೋದವರನ್ನು ನಂಬಿ, ಹೊಲಿದ ಚೀಲಗಳನ್ನು ಮೂಟೆ ಕಟ್ಟಿ ಇಟ್ಟುಕೊಂಡ ಸಂಘಗಳು ನಮ್ಮ ನಾಲ್ಕು ತಾಲ್ಲೂಕಿನಲ್ಲೂ ಇವೆ.

ಆದ್ದರಿಂದ ಈ ವರ್ಷ ಬೊಂತೆಗಾಗಿ ಸಾಲ ಬೇಡ, ಮಷೀನೂ ಬೇಡ. ಸಂಘದ ಪುಸ್ತಕದ ಕೊನೆಯ ಹಾಳೆಯಲ್ಲಿ ಯಾರು ಎಷ್ಟು ಗಂಟೆ ಹೊಲಿದರು ಎಂದು ಬರೆದಿಡಿ. ಮೊದಲ ಬೊಂತೆ ಯಾರ ಮನೆಗೆ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಿ, ಇಲ್ಲವೇ ಸಂಘದಲ್ಲಿ ಬಾಣಂತಿ ಇದ್ದರೆ ಆಕೆಗೆ ಕೊಡಿ. ಎರಡು ಮೂರು ಹೊಲಿದು ಕೈ ಪಳಗಿದ ಮೇಲೂ ಮಾರುವ ಮನಸ್ಸಿದ್ದರೆ, ಬರೆದಿಟ್ಟ ಗಂಟೆ ನೋಡಿ ದರ ಹೇಳಿ. ಮೈಸೂರಿನ ಹೆಬ್ಬಾಳದಲ್ಲಿರುವ ಅರ್ಬನ್ ಹಾಟ್ ಮೇಳಕ್ಕೆ ಒಂದು ಸಲ ಸುಮ್ಮನೆ ಹೋಗಿ, ಕೈಹೊಲಿಗೆಯ ಹೊದಿಕೆಗೆ ಏನು ದರ ಹಾಕಿದ್ದಾರೆ, ಜನ ಕೊಳ್ಳುತ್ತಾರೋ ಬರೀ ಮುಟ್ಟಿ ನೋಡಿ ಹೋಗುತ್ತಾರೋ, ನೋಡಿ ಬನ್ನಿ.

ಮುಂದಿನ ಸಭೆಗೆ ಬರುವಾಗ ತಲಾ ಒಂದು ಹಳೆ ಹತ್ತಿ ಸೀರೆ, ಒಗೆದು ಒಣಗಿಸಿದ್ದು, ತನ್ನಿ. ಕತ್ತರಿ ಇದ್ದವರು ಕತ್ತರಿ ತನ್ನಿ. ಅಜ್ಜಿ ಇದ್ದವರು ಅಜ್ಜಿಯನ್ನೂ ಕರೆತನ್ನಿ, ಮೂಲೆ ಮಡಿಸುವುದು ಅವರಿಗೆ ಗೊತ್ತಿರುತ್ತದೆ.