ತರಗತಿಯೇ ಪ್ರಯೋಗಶಾಲೆ: ಶಿಕ್ಷಣಶಾಸ್ತ್ರದ ವ್ಯಾಸಂಗವೂ ವೃತ್ತಿಯ ನಿರ್ಧಾರವೂ

ಪ್ರೌಢಶಾಲೆಯ ಕೊನೆಯ ತರಗತಿಯಲ್ಲಿರುವ ಹತ್ತು ಮಂದಿಯನ್ನು ನಿಲ್ಲಿಸಿ, “ಮುಂದೆ ಏನಾಗಬೇಕೆಂದಿದ್ದೀರಿ?” ಎಂದು ಕೇಳಿದರೆ, ವೈದ್ಯ, ಇಂಜಿನಿಯರ್, ಅಧಿಕಾರಿ ಎಂಬ ಉತ್ತರಗಳು ಒಡನೆಯೇ ಬರುತ್ತವೆ. ಉಪಾಧ್ಯಾಯನಾಗುವೆನೆನ್ನುವವನು ಇದ್ದರೆ ಅವನು ಸಾಮಾನ್ಯವಾಗಿ ಸ್ವಲ್ಪ ಸಂಕೋಚದಿಂದಲೇ ಹೇಳುತ್ತಾನೆ. “ಬೇರೆ ಯಾವುದೂ ಸಿಕ್ಕದಿದ್ದರೆ ಅದು ಇದ್ದೇ ಇದೆಯಲ್ಲ” ಎಂದು ಮನೆಯ ಹಿರಿಯರು ಮಾತು ಮುಗಿಸಿಬಿಡುವುದೂ ಉಂಟು. ಹದಿನೇಳು ಹದಿನೆಂಟರ ವಯಸ್ಸಿನಲ್ಲಿ ಕೇಳಿದ ಇಂತಹ ಒಂದು ಮಾತು ಮುಂದಿನ ನಲವತ್ತು ವರ್ಷಗಳ ಬಾಳಿನ ದಿಕ್ಕನ್ನು ಬದಲಿಸಬಲ್ಲುದು. ಆದುದರಿಂದ, ಪದವಿಯ ಮಟ್ಟದಲ್ಲಿ ಶಿಕ್ಷಣಶಾಸ್ತ್ರವನ್ನು ವ್ಯಾಸಂಗ ಮಾಡುವವರ ವೃತ್ತಿಸಂಕಲ್ಪ ಆ ವರ್ಷಗಳಲ್ಲಿ ಹೇಗೆ ರೂಪುಗೊಳ್ಳುತ್ತದೆ ಎಂಬುದನ್ನು ವಿಜ್ಞಾನದ ದೃಷ್ಟಿಯಿಂದ ವಿಚಾರ ಮಾಡುವುದು ಉಚಿತವಾಗಿದೆ.

ಕಂಡೂ ಕಾಣದ ವೃತ್ತಿ

ಶಸ್ತ್ರಚಿಕಿತ್ಸೆಯ ಕೊಠಡಿಯ ಒಳಗನ್ನು ನಮ್ಮಲ್ಲಿ ಬಹುಮಂದಿ ಕಂಡಿಲ್ಲ. ನ್ಯಾಯಾಧೀಶನು ತೀರ್ಪನ್ನು ಬರೆಯುವಾಗ ನಾವು ಪಕ್ಕದಲ್ಲಿ ಕುಳಿತಿರುವುದಿಲ್ಲ. ಉಪಾಧ್ಯಾಯನ ಕೆಲಸವನ್ನಾದರೋ ಆರು ವರ್ಷದ ವಯಸ್ಸಿನಿಂದ ದಿನವೂ ನೋಡುತ್ತಲೇ ಬೆಳೆದಿದ್ದೇವೆ. 2009ರ ಶಿಕ್ಷಣ ಹಕ್ಕು ಕಾಯಿದೆಯು ಒಂದರಿಂದ ಐದನೆಯ ತರಗತಿಯವರೆಗೆ ವರ್ಷಕ್ಕೆ 800 ಗಂಟೆಗಳ ಬೋಧನೆಯನ್ನೂ ಆರರಿಂದ ಎಂಟರವರೆಗೆ 1000 ಗಂಟೆಗಳ ಬೋಧನೆಯನ್ನೂ ವಿಧಿಸಿದೆ. ಅಷ್ಟಕ್ಕೇ 7000 ಗಂಟೆಗಳಾದುವು. ಮುಂದಿನ ನಾಲ್ಕು ವರ್ಷಗಳಿಗೂ ಸಾವಿರ ಸಾವಿರದಂತೆ ಲೆಕ್ಕ ಹಿಡಿದರೆ, ಕಾಲೇಜಿನ ಬಾಗಿಲಿಗೆ ಬರುವ ಹೊತ್ತಿಗೆ ವಿದ್ಯಾರ್ಥಿಯು ಸುಮಾರು 11,000 ಗಂಟೆಗಳ ಕಾಲ ಉಪಾಧ್ಯಾಯರನ್ನು ನೋಡಿರುತ್ತಾನೆ.

ಅಮೆರಿಕದ ಸಮಾಜಶಾಸ್ತ್ರಜ್ಞ ಡ್ಯಾನ್ ಲಾರ್ಟಿ 1975ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಈ ಸಂಗತಿಯನ್ನು ಎತ್ತಿ ತೋರಿಸಿದರು. ಇದನ್ನು ‘ನೋಡಿ ಕಲಿಯುವ ಉಮೇದುವಾರಿ’ ಎಂದು ನಾವು ಕನ್ನಡದಲ್ಲಿ ಕರೆಯಬಹುದು. ಇದರಲ್ಲಿ ಒಂದು ಮೋಸವಿದೆ. ರಾತ್ರಿಯೆಲ್ಲ ರಂಗದ ಮುಂದೆ ಕುಳಿತು ಯಕ್ಷಗಾನವನ್ನು ನೋಡಿದವನು ಕುಣಿತವನ್ನು ಬಲ್ಲ. ಚೌಕಿಯೊಳಗಿನ ಸಿದ್ಧತೆಯನ್ನು ಅರಿಯನು. ಹಾಗೆಯೇ ವಿದ್ಯಾರ್ಥಿಯು ಪಾಠವನ್ನು ಕಂಡಿರುತ್ತಾನೆ; ಆ ಪಾಠವನ್ನು ಹಾಗೆಯೇ ಏಕೆ ಮಾಡಬೇಕಾಯಿತು, ಯಾವ ಉದಾಹರಣೆಯನ್ನು ಉಪಾಧ್ಯಾಯನು ಬಿಟ್ಟುಕೊಟ್ಟನು, ಹಿಂದಿನ ಬೆಂಚಿನ ಮೌನದಿಂದ ಏನನ್ನು ಊಹಿಸಿದನು ಎಂಬುದು ಅವನಿಗೆ ಕಾಣುವುದಿಲ್ಲ. ಹೀಗಾಗಿ, ಉಪಾಧ್ಯಾಯನಾಗುವೆನೆಂಬ ಸಂಕಲ್ಪವೂ ಆಗಲಾರೆನೆಂಬ ತಿರಸ್ಕಾರವೂ ಅರ್ಧದೃಷ್ಟಿಯಿಂದಲೇ ಹುಟ್ಟಿರುತ್ತವೆ. ಶಿಕ್ಷಣಶಾಸ್ತ್ರದ ವ್ಯಾಸಂಗವು ಮೊದಲು ಮಾಡುವ ಕೆಲಸವೆಂದರೆ ವಿದ್ಯಾರ್ಥಿಯನ್ನು ರಂಗದ ಮುಂದಿನಿಂದ ಎಬ್ಬಿಸಿ ಚೌಕಿಗೆ ಕರೆದೊಯ್ಯುವುದು.

ಮೈಸೂರಿನ ಪ್ರಯೋಗ

ನಮ್ಮ ದೇಶದಲ್ಲಿ ಬಹುಕಾಲದಿಂದ ನಡೆದುಬಂದ ರೂಢಿಯೆಂದರೆ, ಮೊದಲು ವಿಜ್ಞಾನದಲ್ಲಿಯೋ ಕಲೆಯಲ್ಲಿಯೋ ಪದವಿಯನ್ನು ಪಡೆದು, ಅನಂತರ ಬಿ.ಎಡ್. ವ್ಯಾಸಂಗಕ್ಕೆ ಸೇರುವುದು. ವಿಷಯವನ್ನೂ ಬೋಧನೆಯನ್ನೂ ಒಟ್ಟಿಗೆ ಕಲಿಸಿದರೆ ಹೇಗೆ ಎಂಬ ಪ್ರಶ್ನೆಗೆ ಉತ್ತರವಾಗಿ 1960ರ ದಶಕದಲ್ಲಿ ಒಂದು ಹೊಸ ಪ್ರಯತ್ನ ನಡೆಯಿತು. 1961ರಲ್ಲಿ ಹುಟ್ಟಿದ ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಮಂಡಳಿಯ ಆಶ್ರಯದಲ್ಲಿ ಅಜ್ಮೀರ್, ಭೋಪಾಲ್, ಭುವನೇಶ್ವರ, ಮೈಸೂರುಗಳಲ್ಲಿ ಪ್ರಾದೇಶಿಕ ಶಿಕ್ಷಣ ಮಹಾವಿದ್ಯಾಲಯಗಳು ಸ್ಥಾಪನೆಗೊಂಡುವು. ಮೈಸೂರಿನದು 1963ರಲ್ಲಿ ಆರಂಭವಾಯಿತು. ಇಂದು ಪ್ರಾದೇಶಿಕ ಶಿಕ್ಷಣ ಸಂಸ್ಥೆಯೆಂದು ಹೆಸರಾದ ಇದರ ಆವರಣದಲ್ಲಿಯೇ ಮಕ್ಕಳು ಓದುವ ಪ್ರಾತ್ಯಕ್ಷಿಕ ಶಾಲೆಯೂ ಇದೆ. ವೈದ್ಯವಿದ್ಯಾರ್ಥಿಗೆ ಆಸ್ಪತ್ರೆ ಹೇಗೋ ಶಿಕ್ಷಣದ ವಿದ್ಯಾರ್ಥಿಗೆ ಆ ಶಾಲೆ ಹಾಗೆ. ನಾಲ್ಕು ವರ್ಷಗಳಲ್ಲಿ ಭೌತ, ರಸಾಯನ, ಜೀವಶಾಸ್ತ್ರ, ಗಣಿತಗಳೊಂದಿಗೆ ಮನಶ್ಶಾಸ್ತ್ರವನ್ನೂ ಬೋಧನಾಕ್ರಮವನ್ನೂ ಹೆಣೆದು ಕಲಿಸುವ ಪದ್ಧತಿ ಇಲ್ಲಿ ಬೇರೂರಿತು.

ಈ ಪದ್ಧತಿಗೆ ಈಗ ದೇಶವ್ಯಾಪ್ತಿಯಾದ ಮಹತ್ತ್ವ ಬಂದಿದೆ. 2030ರ ಹೊತ್ತಿಗೆ ನಾಲ್ಕು ವರ್ಷಗಳ ಸಮನ್ವಿತ ಬಿ.ಎಡ್. ಪದವಿಯೇ ಶಾಲಾ ಉಪಾಧ್ಯಾಯರಿಗೆ ಕನಿಷ್ಠ ಅರ್ಹತೆಯಾಗಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಗುರಿಯಿಟ್ಟಿತು. 2023ರಲ್ಲಿ ಆಯ್ದ ಸಂಸ್ಥೆಗಳಲ್ಲಿ ಅಂತಹ ವ್ಯಾಸಂಗ ಮೊದಲಾಯಿತು. ಎಂದರೆ, ಪದವಿ ಮುಗಿದ ಮೇಲೆ ನಿಧಾನವಾಗಿ ಮಾಡಬಹುದಾಗಿದ್ದ ನಿರ್ಧಾರವನ್ನು ಇನ್ನು ಮುಂದೆ ಅನೇಕರು ಪಿ.ಯು.ಸಿ. ಮುಗಿದ ಒಡನೆಯೇ ಮಾಡಬೇಕಾಗುತ್ತದೆ. ನಮ್ಮ ವಿಚಾರಕ್ಕೆ ತುರ್ತು ಬಂದಿರುವುದು ಇದರಿಂದಲೇ.

ಸೋತ ಪಾಠವೊಂದು

ಒಬ್ಬ ವಿದ್ಯಾರ್ಥಿನಿಯನ್ನು ಕಲ್ಪಿಸಿಕೊಳ್ಳೋಣ. ಆಕೆ ಶಿಕ್ಷಣದ ವ್ಯಾಸಂಗಕ್ಕೆ ಸೇರಿದ್ದು ಬೇರೆಡೆ ಸ್ಥಳ ಸಿಕ್ಕದುದರಿಂದ. ಭೌತಶಾಸ್ತ್ರದಲ್ಲಿ ಆಕೆಗೆ ಒಳ್ಳೆಯ ಅಂಕಗಳಿವೆ. ಏಳನೆಯ ತರಗತಿಗೆ ಋತುಗಳ ಪಾಠವನ್ನು ಮಾಡಲು ಹೋಗುತ್ತಾಳೆ. ಭೂಮಿಯ ಅಕ್ಷವು ಇಪ್ಪತ್ತಮೂರೂವರೆ ಡಿಗ್ರಿ ವಾಲಿದೆಯೆಂದು ಚಿತ್ರ ಬರೆದು ವಿವರಿಸುತ್ತಾಳೆ. ಮಕ್ಕಳು ತಲೆಯಾಡಿಸುತ್ತಾರೆ. ಕೊನೆಯಲ್ಲಿ, “ಬೇಸಗೆಯಲ್ಲಿ ಸೆಕೆ ಏಕೆ?” ಎಂದು ಕೇಳಿದರೆ ಒಬ್ಬ ಹುಡುಗ, “ಆಗ ಸೂರ್ಯ ಹತ್ತಿರ ಬರುತ್ತಾನೆ, ಟೀಚರ್” ಎನ್ನುತ್ತಾನೆ, ಉಳಿದವರೂ ಹೌದೆನ್ನುತ್ತಾರೆ. ನಲವತ್ತು ನಿಮಿಷಗಳ ಪಾಠ ನೀರಿನಲ್ಲಿ ಹೋಮವಾಯಿತು!

ಆ ಹುಡುಗ ದಡ್ಡನೆ? ಅಲ್ಲ. ಒಲೆಯ ಹತ್ತಿರ ಹೋದರೆ ಬಿಸಿ ಹೆಚ್ಚು, ದೂರ ಸರಿದರೆ ಕಡಿಮೆ ಎಂಬ ಅನುಭವದಿಂದ ಅವನು ತರ್ಕಿಸಿದ್ದಾನೆ. ಇಂತಹ ತಪ್ಪು ಮಕ್ಕಳದು ಮಾತ್ರವಲ್ಲ. 1987ರಲ್ಲಿ ತಯಾರಾದ ಒಂದು ಸಾಕ್ಷ್ಯಚಿತ್ರಕ್ಕಾಗಿ ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕೆ ಸೇರಿದ 23 ಮಂದಿಯನ್ನು ಋತುಗಳ ಅಥವಾ ಚಂದ್ರಕಲೆಗಳ ಕಾರಣವನ್ನು ಕುರಿತು ಪ್ರಶ್ನಿಸಿದಾಗ 21 ಮಂದಿಯ ಉತ್ತರಗಳಲ್ಲಿ ತಪ್ಪು ಕಲ್ಪನೆಗಳಿದ್ದುವು. ವಾಸ್ತವವಾಗಿ ಭೂಮಿಯು ಸೂರ್ಯನಿಗೆ ಅತ್ಯಂತ ಸಮೀಪದಲ್ಲಿರುವುದು ಜನವರಿಯ ಮೊದಲ ವಾರದಲ್ಲಿ, ನಮಗೆ ಚಳಿಯಿರುವಾಗ. ಆಗ ದೂರ ಸುಮಾರು 14 ಕೋಟಿ 71 ಲಕ್ಷ ಕಿಲೋಮೀಟರ್. ಜುಲೈ ಮೊದಲಿನಲ್ಲಿ ಸುಮಾರು 15 ಕೋಟಿ 21 ಲಕ್ಷ ಕಿಲೋಮೀಟರ್.

ಮರುವಾರ ಆಕೆ ಬೇರೆ ದಾರಿ ಹಿಡಿಯುತ್ತಾಳೆ. “ಜನವರಿಯಲ್ಲಿ ಆಸ್ಟ್ರೇಲಿಯದಲ್ಲಿ ಕ್ರಿಕೆಟ್ ನಡೆಯುವಾಗ ಅಲ್ಲಿ ಚಳಿಯೋ ಸೆಕೆಯೋ?” ಎಂದು ಮೊದಲು ಕೇಳುತ್ತಾಳೆ. ಅಲ್ಲಿ ಕಡುಬೇಸಗೆಯೆಂದು ಮಕ್ಕಳೇ ಹೇಳುತ್ತಾರೆ. ಸೂರ್ಯನು ಹತ್ತಿರ ಬರುವುದೇ ಕಾರಣವಾದರೆ ಎರಡು ದೇಶಗಳಿಗೂ ಒಟ್ಟಿಗೇ ಸೆಕೆಯಾಗಬೇಕಲ್ಲವೆ? ತರಗತಿ ಮೌನವಾಗುತ್ತದೆ. ಆಗ ಆಕೆ ಟಾರ್ಚಿನ ಬೆಳಕನ್ನು ಕಾಗದದ ಮೇಲೆ ನೇರವಾಗಿಯೂ ಅನಂತರ ಓರೆಯಾಗಿಯೂ ಬಿಡುತ್ತಾಳೆ. ಓರೆಯಾಗಿ ಬಿದ್ದ ಬೆಳಕು ಹರಡಿ ಮಂಕಾದುದನ್ನು ಮಕ್ಕಳು ಕಣ್ಣಾರೆ ಕಾಣುತ್ತಾರೆ.

ಇಲ್ಲಿ ಬದಲಾದವರು ಮಕ್ಕಳು ಮಾತ್ರವಲ್ಲ. ವಿಷಯವನ್ನು ಬಲ್ಲುದು ಬೇರೆ, ಅದನ್ನು ಮತ್ತೊಬ್ಬರ ಮನಸ್ಸಿನಲ್ಲಿ ಬೆಳೆಸಬಲ್ಲುದು ಬೇರೆ ಎಂಬುದನ್ನು ಆಕೆ ಕಂಡುಕೊಂಡಳು. ಈ ಎರಡನೆಯದೂ ಒಂದು ವಿಶಿಷ್ಟ ಜ್ಞಾನವೆಂದು ಲೀ ಶುಲ್ಮನ್ ಎಂಬ ಶಿಕ್ಷಣ ಮನಶ್ಶಾಸ್ತ್ರಜ್ಞರು 1986ರಲ್ಲಿ ಪ್ರತಿಪಾದಿಸಿದರು. ‘ಸುಲಭದ ಕೆಲಸ’ವೆಂದು ಭಾವಿಸಿದ್ದುದರೊಳಗೆ ಬುದ್ಧಿಗೆ ಸವಾಲಾದ ಒಂದು ಸಮಸ್ಯೆ ಅಡಗಿದೆಯೆಂದು ಕಂಡಾಗಲೇ, ವಿಧಿಯಿಲ್ಲದೆ ಬಂದವರಲ್ಲಿ ಕೆಲವರು ಮನಸಾರೆ ಉಳಿಯುತ್ತಾರೆ.

ಧೈರ್ಯದ ನಾಲ್ಕು ಮೂಲಗಳು

ಒಂದು ವೃತ್ತಿಯನ್ನು ಮನಸ್ಸು ಏಕೆ ಹಿಡಿಯುತ್ತದೆ, ಏಕೆ ಬಿಡುತ್ತದೆ? ಆಲ್ಬರ್ಟ್ ಬಂಡೂರ ಎಂಬ ಮನಶ್ಶಾಸ್ತ್ರಜ್ಞರು 1977ರಲ್ಲಿ ‘ಇದು ನನ್ನಿಂದ ಆಗುತ್ತದೆ’ ಎಂಬ ನಂಬಿಕೆಗೆ ನಾಲ್ಕು ಮೂಲಗಳನ್ನು ಗುರುತಿಸಿದರು: ತಾನೇ ಮಾಡಿ ಗೆದ್ದ ಅನುಭವ, ಇತರರು ಮಾಡಿದುದರ ವೀಕ್ಷಣೆ, ಬಲ್ಲವರ ಉತ್ತೇಜನದ ಮಾತು, ಮತ್ತು ತನ್ನ ದೇಹದ ಸೂಚನೆಗಳು, ಎಂದರೆ ಎದೆಬಡಿತ ಬೆವರು ಮುಂತಾದುವು. ಈ ನಾಲ್ಕರಲ್ಲಿ ಮೊದಲನೆಯದೇ ಪ್ರಬಲವಾದುದು. ಈ ತತ್ತ್ವದ ಆಧಾರದ ಮೇಲೆ ಲೆಂಟ್, ಬ್ರೌನ್, ಹ್ಯಾಕೆಟ್ ಎಂಬ ಮೂವರು 1994ರಲ್ಲಿ ವೃತ್ತಿಯ ಆಯ್ಕೆಯನ್ನು ವಿವರಿಸಿದರು. ಅವರ ಪ್ರಕಾರ ಆಸಕ್ತಿಯು ಆಕಾಶದಿಂದ ಇಳಿಯುವುದಿಲ್ಲ. ನನ್ನಿಂದ ಆಗುತ್ತದೆಂಬ ನಂಬಿಕೆಯಿಂದಲೂ ಮಾಡಿದರೆ ಫಲವುಂಟೆಂಬ ನಿರೀಕ್ಷೆಯಿಂದಲೂ ಅದು ಬೆಳೆಯುತ್ತದೆ.

ಬೋಧನಾಭ್ಯಾಸಕ್ಕೆ ಪಠ್ಯಕ್ರಮದಲ್ಲಿ ಅಷ್ಟು ಬೆಲೆಯಿರುವುದು ಇದರಿಂದಲೇ. 2014ರ ರಾಷ್ಟ್ರೀಯ ನಿಯಮಗಳು ಎರಡು ವರ್ಷಗಳ ಬಿ.ಎಡ್. ವ್ಯಾಸಂಗದಲ್ಲಿ ಒಟ್ಟು 20 ವಾರಗಳನ್ನು ಶಾಲೆಯ ಅನುಭವಕ್ಕಾಗಿ ವಿಧಿಸಿದುವು. ಆ ವಾರಗಳಲ್ಲಿ ನಾಲ್ಕು ಮೂಲಗಳೂ ಒಟ್ಟಿಗೆ ದೊರೆಯುತ್ತವೆ. ಕಾಳಜಿಯ ಕೇಂದ್ರವೂ ಕ್ರಮೇಣ ಸರಿಯುತ್ತದೆ. ಹೊಸ ಉಪಾಧ್ಯಾಯರಿಗೆ ಮೊದಮೊದಲು ತಮ್ಮದೇ ಚಿಂತೆಯೆಂದೂ, ಅನುಭವ ಬಂದಮೇಲೆ ಮಕ್ಕಳು ಕಲಿತರೆ ಇಲ್ಲವೆ ಎಂಬ ಚಿಂತೆ ಬರುವುದೆಂದೂ ಫ್ರಾನ್ಸಿಸ್ ಫುಲ್ಲರ್ 1969ರಲ್ಲಿ ತೋರಿಸಿದರು. ‘ಮಕ್ಕಳು ನನ್ನನ್ನು ಗೌರವಿಸುವರೆ?’ ಎಂಬ ಪ್ರಶ್ನೆಯಿಂದ ‘ಆ ಹುಡುಗನು ಹಾಗೇಕೆ ಯೋಚಿಸಿದನು?’ ಎಂಬ ಪ್ರಶ್ನೆಗೆ ಬಂದವನು ವೃತ್ತಿಯ ಹೊಸ್ತಿಲನ್ನು ದಾಟಿದ್ದಾನೆ.

ಬೇಡವೆಂಬುದೂ ಒಂದು ಫಲಿತಾಂಶ

ಹಾಗಾದರೆ ಶಿಕ್ಷಣವನ್ನು ಓದಿದವರೆಲ್ಲರೂ ಉಪಾಧ್ಯಾಯರಾಗಲೇಬೇಕೆ? ಬೇಕಿಲ್ಲ. ಪ್ರಯೋಗಶಾಲೆಯಲ್ಲಿ ಊಹೆಯೊಂದು ಸುಳ್ಳಾದರೆ ಪ್ರಯೋಗ ವ್ಯರ್ಥವಾಯಿತೆಂದು ಯಾವ ವಿಜ್ಞಾನಿಯೂ ಹೇಳುವುದಿಲ್ಲ. ಮಕ್ಕಳ ಗದ್ದಲವನ್ನು ತನ್ನ ಸ್ವಭಾವ ಸಹಿಸದೆಂದು ಇಪ್ಪತ್ತರ ವಯಸ್ಸಿನಲ್ಲಿ ತಿಳಿದರೆ, ನಲವತ್ತರಲ್ಲಿ ತಿಳಿಯುವುದಕ್ಕಿಂತ ಅವನಿಗೂ ಲೇಸು, ಮಕ್ಕಳಿಗೂ ಲೇಸು. ಅಂತಹವನ ಮುಂದೆ ಹಲವು ಹಾದಿಗಳಿವೆ: ಪಠ್ಯಪುಸ್ತಕ ರಚನೆ, ಪರೀಕ್ಷಾಕ್ರಮದ ಸಂಶೋಧನೆ, ವಿಜ್ಞಾನ ವಸ್ತುಸಂಗ್ರಹಾಲಯಗಳ ಕೆಲಸ, ವಿಶೇಷ ಅಗತ್ಯವುಳ್ಳ ಮಕ್ಕಳ ಶಿಕ್ಷಣ, ಶಾಲಾ ಆಪ್ತಸಲಹೆ. ಇವುಗಳಲ್ಲಿ ಕೆಲವಕ್ಕೆ ಪ್ರತ್ಯೇಕ ತರಬೇತಿಯೂ ಬೇಕಾಗುತ್ತದೆ. ಸಮನ್ವಿತ ಪದವಿಯಲ್ಲಿ ವಿಜ್ಞಾನವೂ ಸೇರಿರುವುದರಿಂದ ಉನ್ನತ ವ್ಯಾಸಂಗಕ್ಕೂ ಹೋಗಬಹುದು. ಆದರೆ ಸೇರಬಯಸುವ ವಿಶ್ವವಿದ್ಯಾನಿಲಯದ ನಿಯಮವನ್ನು ಮೊದಲೇ ನೋಡಿಕೊಳ್ಳಬೇಕು.

ಇನ್ನೊಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಅನಿತಾ ವೂಲ್‌ಫೋಕ್ ಹಾಯ್ ಮತ್ತು ಅವರ ಸಹೋದ್ಯೋಗಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತರಬೇತಿಯ ಕಾಲದಲ್ಲಿ ಏರಿದ ಆತ್ಮವಿಶ್ವಾಸವು ಉಪಾಧ್ಯಾಯರಾದ ಮೊದಲ ವರ್ಷದಲ್ಲಿ ಇಳಿಯುವುದು ಕಂಡುಬಂದಿತು. ತರಬೇತಿಯಲ್ಲಿ ಬೆನ್ನ ಹಿಂದೆ ಹಿರಿಯರಿರುತ್ತಾರೆ. ಕೆಲಸಕ್ಕೆ ಸೇರಿದಾಗ ತರಗತಿಯ ಬಾಗಿಲು ಮುಚ್ಚಿದೊಡನೆ ಒಬ್ಬಂಟಿ. ಆ ವರ್ಷದ ಕಷ್ಟವನ್ನೇ ಕೊನೆಯ ತೀರ್ಪೆಂದು ತಿಳಿದು ವೃತ್ತಿಯನ್ನು ಬಿಡುವವನು ಅವಸರದ ವೀಕ್ಷಕ. ಅಂಥವನಿಗೆ ಬೇಕಾದುದು ಉಪದೇಶವಲ್ಲ, ಪಕ್ಕದ ತರಗತಿಯ ಹಿರಿಯ ಉಪಾಧ್ಯಾಯನ ನೆರವು.

ಈ ಲೇಖನವನ್ನು ಓದುತ್ತಿರುವ ವಿದ್ಯಾರ್ಥಿಮಿತ್ರರಿಗೆ ನಮ್ಮ ಸೂಚನೆ ಚಿಕ್ಕದು. ಅರ್ಜಿಯನ್ನು ತುಂಬುವ ಮೊದಲು ನೆರೆಮನೆಯ ಮಗುವೊಂದನ್ನು ಕೂರಿಸಿಕೊಂಡು, ಬೇಸಗೆಯಲ್ಲಿ ಸೆಕೆ ಏಕೆಂದು ಕೇಳಿರಿ. ಅದರ ಉತ್ತರವನ್ನು ಕೂಡಲೇ ತಿದ್ದದೆ, ಹಾಗೇಕೆ ತೋರಿತೆಂದು ಮತ್ತೆ ಕೇಳಿರಿ. ಆ ಎರಡನೆಯ ಪ್ರಶ್ನೆ ನಿಮ್ಮಲ್ಲಿ ಕುತೂಹಲವನ್ನು ಹುಟ್ಟಿಸಿದರೆ, ಉಪಾಧ್ಯಾಯ ವೃತ್ತಿಯು ಬೇರೆ ಯಾವುದೂ ಸಿಕ್ಕದಿದ್ದಾಗ ಹಿಡಿಯುವ ಕೆಲಸವೆಂಬ ಮಾತನ್ನು ನೀವು ಇನ್ನು ನಂಬಬೇಕಾಗಿಲ್ಲ.