ನಿಮಗಿದು ಗೊತ್ತೆ? ಒಡೆಯರ ಹೆಸರು ಮುಚ್ಚಿಟ್ಟರೂ ಗೂಗಲ್ ಮುನಿಯದು!

ಜಾಲತಾಣದ ಒಡೆಯರು ಯಾರೆಂಬುದನ್ನು ಮುಚ್ಚಿಟ್ಟ ಮಾತ್ರಕ್ಕೆ ಗೂಗಲ್ ಹುಡುಕಾಟದಲ್ಲಿ ಆ ತಾಣ ಹಿಂದೆ ಬೀಳುವುದಿಲ್ಲ. ಸ್ವತಃ ಗೂಗಲ್ ಕಂಪನಿಯೇ 2023ರವರೆಗೆ ಡೊಮೇನ್ ಹೆಸರು ಮಾರುತ್ತಿತ್ತು. ವಿವರ ಮರೆಮಾಡುವ ಸೌಲಭ್ಯವನ್ನು ಜೊತೆಗೇ ಪುಕ್ಕಟೆ ಕೊಡುತ್ತಿತ್ತು!

ಹಿರೇನಲ್ಲೂರಿನ ಕೊಬ್ಬರಿ ವ್ಯಾಪಾರಿಯೊಬ್ಬರು ಡಾಟ್ ಕಾಮ್ ಹೆಸರು ಕೊಂಡರು ಎನ್ನಿ. ಹಿಂದೆಲ್ಲ ಅವರ ಹೆಸರು, ಮನೆ ವಿಳಾಸ, ಮೊಬೈಲ್ ನಂಬರು ಡೊಮೇನ್ ಒಡೆಯರ ವಿವರ ತೋರಿಸುವ ‘ಹೂ ಈಸ್’ ಪಟ್ಟಿಯಲ್ಲಿ ಜಗತ್ತಿಗೇ ಕಾಣುತ್ತಿದ್ದವು. ಆಮೇಲೆ ‘ವೆಬ್‌ಸೈಟ್ ಮಾಡಿಕೊಡ್ತೀವಿ ಸಾರ್’ ಎಂಬ ಕರೆಗಳ ಕಾಟ. 2018ರ ಮೇ 25ರಂದು ಐರೋಪ್ಯ ಒಕ್ಕೂಟದ ದತ್ತಾಂಶ ರಕ್ಷಣಾ ಕಾನೂನು ಜಾರಿಯಾದ ಮೇಲೆ ನೋಂದಣಿ ಕಂಪನಿಗಳು ಇವನ್ನು ಮುಚ್ಚತೊಡಗಿದವು. ಈಗ ಹೆಸರಿನ ಜಾಗದಲ್ಲಿ ಹೆಚ್ಚಾಗಿ ಕಾಣುವುದು ‘ರಿಡ್ಯಾಕ್ಟೆಡ್ ಫಾರ್ ಪ್ರೈವಸಿ’ (ಗೋಪ್ಯತೆಗಾಗಿ ಮರೆಮಾಡಿದೆ) ಎಂಬ ಸಾಲು. ಲಕ್ಷಾಂತರ ತಾಣಗಳು ಹೀಗೇ ಇರುವಾಗ ಅದನ್ನು ತಪ್ಪೆಂದು ಎಣಿಸುವುದಾದರೂ ಹೇಗೆ?

ನಮ್ಮ ಡಾಟ್ ಇನ್ ನಿಯಮ ಮಾತ್ರ ಬಿಗಿ. ಅದನ್ನು ನೋಡಿಕೊಳ್ಳುವ ನಿಕ್ಸಿ ಸಂಸ್ಥೆ ಇನ್ನೊಬ್ಬರ ಹೆಸರಿನ ಮರೆಯಲ್ಲಿ ನೋಂದಾಯಿಸಲು ಬಿಡುವುದಿಲ್ಲ. ಕೊಡುವ ವಿವರ ನಿಜವಾಗಿರಲೇಬೇಕು.

ಡಾಟ್ ಕಾಮ್ ಕೊಂಡಿದ್ದರೆ ಮನೆಯ ವಿಳಾಸ ಧೈರ್ಯವಾಗಿ ಮುಚ್ಚಿಡಿ. ಅಂಗಡಿಯ ವಿಳಾಸ, ಫೋನ್ ನಂಬರು ಮಾತ್ರ ತಾಣದ ಮೊದಲ ಪುಟದಲ್ಲೇ ಇರಲಿ. ಗಿರಾಕಿ ನೋಡುವುದು ಅಲ್ಲೇ.